ಸಣ್ಣ ಆಂಪಿಗೊಂದು ಬಾಡಿಗೆ ಕೋಣೆ

ದೆಹಲಿಗೆ ಬಂದು ನೆಲೆಸಿದವರಿಗೆ ಮೊದಲ ನವರಾತ್ರಿಯಲ್ಲೇ ಪರಿಚಯವಾಗುವ ಸದ್ದೊಂದಿದೆ. ಬೀದಿಗೆ ಅಡ್ಡವಾಗಿ ಶಾಮಿಯಾನ ಹಾಕಿ ರಾತ್ರಿಯಿಡೀ ನಡೆಸುವ ಮಾತಾ ಜಾಗರಣದಲ್ಲಿ ಹಾಡುವವರು ‘ಜೈ ಮಾತಾ ದೀ’ ಎಂದರೆ, ಆ ‘ದೀ’ ಮೂರು ನಾಲ್ಕು ಸಲ ತಾನೇ ಮರಳಿ ಬರುತ್ತದೆ. ಒಂದೊಂದು ಸಲವೂ ಇಷ್ಟಿಷ್ಟೇ ಮಂಕಾಗುತ್ತ ಪಕ್ಕದ ಬೀದಿಯ ಮೂರನೇ ಮಹಡಿಯವರೆಗೂ ಏರುತ್ತದೆ. ಮೈಕ್‌ಸೆಟ್ಟಿನವನ ಮಿಕ್ಸರಿನಲ್ಲಿ ‘ಎಕೋ’ ಎಂದು ಬರೆದ ತಿರುಪೊಂದಿರುತ್ತದೆ. ಅದನ್ನು ಇಳಿಸುವ ಅಭ್ಯಾಸ ಆತನಿಗಿಲ್ಲ. ಅಗ್ಗದ ಮಿಕ್ಸರುಗಳಲ್ಲಿ ಆ ತಿರುಪಿನ ಹಿಂದೆ ಸಾಮಾನ್ಯವಾಗಿ ಕೂತಿರುವುದು ಹದಿನಾರು ಕಾಲಿನ ಒಂದು ಐಸಿ, ಹೆಸರು ಪಿಟಿ2399. ತೈವಾನಿನ ಪ್ರಿನ್ಸ್‌ಟನ್ ಟೆಕ್ನಾಲಜಿ ಕಂಪನಿಯದು. ಕರೋಕೆ ಯಂತ್ರಗಳಲ್ಲಿ ಹಾಡುವವರ ದನಿಗೆ ಸ್ವಲ್ಪ ಮೆರುಗು ಕೊಡುವುದಷ್ಟೇ ಅದರ ಮೂಲ ಕೆಲಸ.

ಇದೇ ಐಸಿಯನ್ನು ಜಗತ್ತಿನಾದ್ಯಂತ ಗಿಟಾರಿನವರು ಎತ್ತಿಕೊಂಡು ಪೆಡಲ್ಲಿನೊಳಗೆ ಕೂರಿಸಿದ್ದಾರೆ. ಕಾಲಿನಿಂದ ಒತ್ತುವ ಪುಟ್ಟ ಲೋಹದ ಡಬ್ಬಿ, ಒಂದು ಕಡೆ ಗಿಟಾರಿನ ತಂತಿ, ಇನ್ನೊಂದು ಕಡೆ ಆಂಪ್ಲಿಫೈಯರಿನದು. ಹೊರದೇಶದ ಹೆಸರು ಅಂಟಿಸಿಕೊಂಡು ಬಂದಾಗ ಅದಕ್ಕೆ ಸಾವಿರಾರು ರೂಪಾಯಿ. ಒಳಗಿನ ಐಸಿ ಮಾತ್ರ ಕೆಂಪುಕೋಟೆಯ ಎದುರಿನ ಮಾರುಕಟ್ಟೆಯಲ್ಲಿ ನೂರು ರೂಪಾಯಿಗೂ ಕಡಿಮೆಗೆ ಸಿಗುತ್ತದೆ.

ನೋಯ್ಡಾ, ಗುರುಗ್ರಾಮಗಳ ಕಂಪನಿಗಳಿಗೆ ಕೆಲಸಕ್ಕೆಂದು ಬಂದ ಹುಡುಗ ಹುಡುಗಿಯರ ಬಾಡಿಗೆ ಕೋಣೆಗಳಲ್ಲಿ ಮಂಚದ ಪಕ್ಕ ಐದು, ಹತ್ತು, ಇಪ್ಪತ್ತು ವಾಟಿನ ಆಂಪೊಂದು ಇರುವುದು ಈಗ ಅಪರೂಪವಲ್ಲ. ಸದ್ದಿಗೆ ಅದು ಸಾಕು, ಮೇಲಿನ ಮನೆಯವರ ದೃಷ್ಟಿಯಲ್ಲಿ ಹೆಚ್ಚೇ. ಕೊರತೆ ಬೇರೆಯದು: ನುಡಿಸಿದ ಸ್ವರ ಅಲ್ಲೇ ಬಿದ್ದು ಸಾಯುತ್ತದೆ. ಹತ್ತು ಹನ್ನೆರಡು ಅಡಿಯ ಕೋಣೆ, ಹಾಸಿಗೆ, ಪರದೆ, ಬಟ್ಟೆಯ ರಾಶಿ. ಇವೆಲ್ಲ ಸೇರಿ ಸದ್ದನ್ನು ಅರ್ಧ ಸೆಕೆಂಡಿನೊಳಗೆ ಹೀರಿಬಿಡುತ್ತವೆ.

ಎಕೋ ಮತ್ತು ರಿವರ್ಬ್ ಎರಡೂ ಗೋಡೆಯ ಕೆಲಸವೇ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಎರಡನ್ನೂ ಬಿಡಿಸಿ ಹೇಳಬೇಕಿಲ್ಲ. ಚಪ್ಪಾಳೆ ಒಂದೊಂದಾಗಿ, ಎಣಿಸಲು ಬರುವಂತೆ ಮರಳಿದರೆ ಅದು ಎಕೋ. ಮರಳಿದ್ದು ಮತ್ತೆ ಮರಳಿ, ಒಂದರೊಳಗೊಂದು ಬೆರೆತು ಎಣಿಕೆಗೆ ಸಿಗದ ಗುಂಯ್‌ಗುಡುವಿಕೆಯಾಗಿ ಉಳಿದರೆ ಅದು ರಿವರ್ಬ್. ಈ ಉಳಿಕೆಯನ್ನು ಮೊದಲು ಲೆಕ್ಕಕ್ಕೆ ತಂದವರು ಹಾರ್ವರ್ಡಿನ ವ್ಯಾಲೇಸ್ ಸೇಬೈನ್. ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದಾರು ಸೆಕೆಂಡು ತೇಲಾಡಿ ಏನೂ ಅರ್ಥವಾಗುತ್ತಿರಲಿಲ್ಲ. ಸರಿಪಡಿಸುವ ಹೊಣೆ 1895ರಲ್ಲಿ ಅವರ ಪಾಲಿಗೆ ಬಂತು. ಪಕ್ಕದ ರಂಗಮಂದಿರದ ಕುರ್ಚಿಯ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹಾಸುವುದು, ಅಳೆಯುವುದು, ಬೆಳಗಾಗುವುದರೊಳಗೆ ವಾಪಸ್ ಇಡುವುದು. ಸಭಾಂಗಣ ಕಟ್ಟುವವರು ಇವತ್ತಿಗೂ ಬಳಸುವ ಸೂತ್ರ ಹುಟ್ಟಿದ್ದು ಆ ದಿಂಬುಗಳಿಂದ.

ಅವರದು ಉಳಿಕೆಯನ್ನು ತಗ್ಗಿಸುವ ಕಷ್ಟ. ಲಾರೆನ್ಸ್ ಹ್ಯಾಮಂಡ್ ಎಂಬ ಅಮೆರಿಕದ ಆರ್ಗನ್ ತಯಾರಕನಿಗೆ ತದ್ವಿರುದ್ಧ ಕಷ್ಟ. ಚರ್ಚಿನಲ್ಲಿ ಗಂಭೀರವಾಗಿ ಮೊಳಗಿದ ಆರ್ಗನ್, ರತ್ನಗಂಬಳಿ ಹಾಸಿದ ಮನೆಯ ಹಜಾರದಲ್ಲಿ ಬಡಕಲಾಗಿ ಕೇಳುತ್ತಿತ್ತು. ದೂರದ ಟೆಲಿಫೋನ್ ಕರೆಯಲ್ಲಿ ಆಗುವ ತಡವನ್ನು ಪ್ರಯೋಗಾಲಯದಲ್ಲೇ ಸೃಷ್ಟಿಸಿ ನೋಡಲು ಬೆಲ್ ಲ್ಯಾಬ್ಸಿನವರು ಸ್ಪ್ರಿಂಗ್ ಬಳಸುತ್ತಿದ್ದರು. ಹ್ಯಾಮಂಡ್ ಅದನ್ನೇ ತಂದು 1930ರ ದಶಕದ ಕೊನೆಗೆ ಆರ್ಗನ್ನಿಗೆ ಜೋಡಿಸಿದ. ಸ್ಪ್ರಿಂಗಿನ ಒಂದು ತುದಿಯನ್ನು ಸಂಗೀತದಿಂದ ನಡುಗಿಸಿದರೆ, ನಡುಕ ಇನ್ನೊಂದು ತುದಿಗೆ ಹೋಗಿ, ಬಡಿದು, ಹಿಂತಿರುಗಿ ಓಡಾಡುತ್ತದೆ. ಗೋಡೆಗಳ ನಡುವೆ ಗಾಳಿ ಮಾಡುವ ಕೆಲಸವನ್ನು ಸುರುಳಿ ತಂತಿ ಮಾಡುತ್ತದೆ. ಫೆಂಡರ್ ಕಂಪನಿ 1961ರಲ್ಲಿ ಇದನ್ನು ಪ್ರತ್ಯೇಕ ಪೆಟ್ಟಿಗೆಯಾಗಿ ಗಿಟಾರಿನವರಿಗೆ ಮಾರಿತು. 1963ರ ವೈಬ್ರೋವರ್ಬ್‌ನಿಂದ ಆಂಪಿನ ಒಳಗೇ ಕೂರಿಸಿತು. ಕ್ಯಾಲಿಫೋರ್ನಿಯಾದ ಸರ್ಫ್ ಸಂಗೀತದಲ್ಲಿ ಕೇಳುವ, ನೀರು ತೊಟ್ಟಿಕ್ಕಿದಂಥ ಆ ಸದ್ದು ಸ್ಪ್ರಿಂಗಿನದೇ. ಅಂಥ ಆಂಪನ್ನು ಎತ್ತಿ ಕುಕ್ಕಿದರೆ ಒಳಗಿನ ಸುರುಳಿಗಳು ಬಡಿದುಕೊಂಡು ಗುಡುಗು ಕೇಳಿಸುತ್ತದೆ.

ಇದಕ್ಕೆ ತುಸು ಮೊದಲೇ ಜರ್ಮನಿಯ ಇಎಂಟಿ ಕಂಪನಿ ದೊಡ್ಡ ಉಕ್ಕಿನ ಹಾಳೆಯನ್ನು ತೂಗುಹಾಕಿ ನಡುಗಿಸುವ ಯಂತ್ರ ಮಾಡಿತ್ತು, 1957ರಲ್ಲಿ. ತೂಕ ಕಾಲು ಟನ್ನಿಗೂ ಮೇಲೆ. 1961–62ರಲ್ಲಿ ಬೆಲ್ ಲ್ಯಾಬ್ಸಿನ ಮ್ಯಾನ್‌ಫ್ರೆಡ್ ಶ್ರೋಡರ್ ಇದೆಲ್ಲವನ್ನೂ ಬರೀ ಗಣಿತದಿಂದ ಮಾಡಬಹುದೆಂದು ತೋರಿಸಿದರು. 1987ರಲ್ಲಿ ಬಾಸ್ ಕಂಪನಿಯ ಆರ್‌ವಿ-2 ಬಂದು ಆ ಗಣಿತ ಅಂಗೈಯಗಲದ ಪೆಡಲ್ಲಿಗೆ ಇಳಿಯಿತು. ಈಗಿನ ಪೆಡಲ್ಲುಗಳಲ್ಲಿ ‘ಸ್ಪ್ರಿಂಗ್’, ‘ಪ್ಲೇಟ್’, ‘ಹಾಲ್’ ಎಂದು ಬರೆದಿರುವುದು ಈ ಹಳೆಯ ಯಂತ್ರಗಳ, ಕಟ್ಟಡಗಳ ಅನುಕರಣೆ. ಒಟ್ಟಿನಲ್ಲಿ ರಿವರ್ಬ್ ಪೆಡಲ್ ಎಂದರೆ ಬಾಡಿಗೆಗೆ ಸಿಗುವ ಕೋಣೆ. ಎಷ್ಟು ದೊಡ್ಡದು ಬೇಕು ಎನ್ನುವುದೇ ಪ್ರಶ್ನೆ.

ಸಣ್ಣ ಆಂಪಿಗೆ ಸಣ್ಣದೇ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆರು ಅಥವಾ ಎಂಟು ಇಂಚಿನ ಸ್ಪೀಕರಿಗೆ ಹತ್ತು ಸೆಕೆಂಡಿನ ‘ಕೆಥೆಡ್ರಲ್’ ಕೊಟ್ಟರೆ ಗುಮ್ಮಟ ಕೇಳುವುದಿಲ್ಲ, ಕೆಸರು ಕೇಳುತ್ತದೆ. ಕೆಳಸ್ವರಗಳ ಬಾಲ ಒಂದರ ಮೇಲೊಂದು ಬಿದ್ದು ಮುಂದಿನ ಸ್ವರವನ್ನು ನುಂಗುತ್ತದೆ. ಸ್ಟೀರಿಯೋ ಎಂದು ಹೆಚ್ಚು ದುಡ್ಡು ಕೊಡುವುದೂ ದಂಡ, ಸ್ಪೀಕರ್ ಇರುವುದೇ ಒಂದು. ಹುಡುಕಬೇಕಾದ್ದು ಮೂರು ತಿರುಪು: ಎಷ್ಟು ಹೊತ್ತು, ಎಷ್ಟು ಪ್ರಮಾಣ, ಮತ್ತು ಬಾಲದ ಹೊಳಪನ್ನು ತಗ್ಗಿಸುವ ‘ಟೋನ್’. ಸಣ್ಣ ಸ್ಪೀಕರ್ ಮೊದಲೇ ಕಿರುಚುವ ಜಾತಿ. ರಿವರ್ಬ್ ಮಂದವಾಗಿದ್ದಷ್ಟೂ ಚೆನ್ನ. ಪ್ರಮಾಣವನ್ನು ಏರಿಸುತ್ತ ಹೋಗಿ, ‘ಆಹಾ, ಕೇಳಿಸಿತು’ ಎನಿಸಿದ ಕಡೆಯಿಂದ ಒಂದು ಗೆರೆ ಹಿಂದಕ್ಕೆ ತಿರುಗಿಸಿ ಬಿಟ್ಟುಬಿಡಬೇಕು.

ಇನ್ನೊಂದು ವಿಷಯ ಅಂಗಡಿಯಲ್ಲಿ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಕೇಳಿಸುವುದು ದೊಡ್ಡ ಆಂಪಿನಲ್ಲಿ. ಒಡೆದ ಸದ್ದಿನ, ಅಂದರೆ ಡಿಸ್ಟಾರ್ಷನ್ನಿನ, ನಂತರ ಕೋಣೆ ಬರಬೇಕೇ ಹೊರತು, ಕೋಣೆಯಾದ ಮೇಲೆ ಸದ್ದು ಒಡೆಯಬಾರದು. ದೊಡ್ಡ ಆಂಪುಗಳಲ್ಲಿ ಇದಕ್ಕಾಗಿ ಹಿಂದುಗಡೆ ಬೇರೆ ದಾರಿಯೇ ಇರುತ್ತದೆ, ಎಫೆಕ್ಟ್ಸ್ ಲೂಪ್ ಅಂತ. ಸಣ್ಣದರಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಹಾಗಾಗಿ ಆಂಪನ್ನು ತಿಳಿಯಾಗಿ ಇಟ್ಟುಕೊಂಡು, ಡಿಸ್ಟಾರ್ಷನ್ ಬೇಕಿದ್ದರೆ ಅದಕ್ಕೊಂದು ಪೆಡಲ್ ಮೊದಲು, ರಿವರ್ಬ್ ಕೊನೆಗೆ. ಆಂಪನ್ನೇ ಪೂರ್ತಿ ಏರಿಸಿ ಗರಗರ ಅನ್ನಿಸುವವರಿಗೆ ರಿವರ್ಬ್ ಪೆಡಲ್ ನಿರಾಸೆಯನ್ನೇ ಕೊಡುತ್ತದೆ. ನಿಮ್ಮ ಆಂಪ್ ಬ್ಯಾಟರಿಯಲ್ಲಿ ಓಡುವ ಪುಟಾಣಿಯಾದರೆ ಅಂಗಡಿಗೆ ಅದನ್ನೇ ಹೊತ್ತುಕೊಂಡು ಹೋಗಿ. ಮಾರುವವರು ನಕ್ಕರೆ ನಗಲಿ.

ಕೊಳ್ಳುವುದು ಒಂದು ದಾರಿ, ಕಟ್ಟುವುದು ಇನ್ನೊಂದು. ದೆಹಲಿಯಲ್ಲಿ ಎರಡನೆಯದಕ್ಕೆ ತಕ್ಕ ಜಾಗವಿದೆ. ಚಾಂದನಿ ಚೌಕದ ಬಾಯಲ್ಲಿ, ಕೆಂಪುಕೋಟೆಗೆ ಮುಖಮಾಡಿಕೊಂಡಿರುವ ಲಾಜಪತ್ ರಾಯ್ ಮಾರ್ಕೆಟ್, ದೇಶ ವಿಭಜನೆಯಲ್ಲಿ ಪಂಜಾಬಿನಿಂದ ಬಂದ ನಿರಾಶ್ರಿತ ವ್ಯಾಪಾರಿಗಳು ಕಟ್ಟಿ ಬೆಳೆಸಿದ್ದು. ಬೆಂಗಳೂರಿನ ಎಸ್.ಪಿ. ರಸ್ತೆ ಕಂಡವರಿಗೆ ಅದರ ಒಳದಾರಿಗಳು ಹೊಸದೆನಿಸವು. ಮೈಮೇಲೆ ಬೀಳುವಂತೆ ಪೇರಿಸಿದ ಸ್ಪೀಕರುಗಳು, ಆಂಪ್ಲಿಫೈಯರ್ ಬೋರ್ಡುಗಳು, ಕೆ.ಜಿ. ಲೆಕ್ಕದ ತಂತಿ. 2022ರ ಜನವರಿಯ ಒಂದು ನಸುಕಿನಲ್ಲಿ ಬೆಂಕಿ ಬಿದ್ದು ಇಲ್ಲಿನ ಹತ್ತಾರು ಅಂಗಡಿಗಳು ಸುಟ್ಟುಹೋದವು, ವ್ಯಾಪಾರ ನಿಲ್ಲಲಿಲ್ಲ. ನಾಲ್ಕು ಹೆಜ್ಜೆಯಾಚೆ ಭಾಗೀರಥ ಪ್ಯಾಲೇಸ್. ಹಿಂದೆ ಬೇಗಂ ಸಮ್ರೂಳ ಅರಮನೆ, ಈಗ ವಿದ್ಯುತ್ ಸಾಮಾನಿನ ಸಗಟು ಪೇಟೆ. ವಿದೇಶದ ಪೆಡಲ್ ಕಟ್ಟುವವರು ದುಡ್ಡು ಕೊಟ್ಟು ತರಿಸುವ ಎರಕದ ಅಲ್ಯುಮಿನಿಯಂ ಡಬ್ಬಿಯ ಬಡ ಸೋದರ, ಅಂದರೆ ವೈರಿಂಗಿನ ಜಂಕ್ಷನ್ ಬಾಕ್ಸ್, ಹುಡುಕಬೇಕಾದ್ದು ಇಲ್ಲಿ.

ಕಟ್ಟಲು ಮೂರು ಮೆಟ್ಟಿಲಿವೆ. ಕೆಳಗಿನದು ಬರೀ ಪಿಟಿ2399. ಅದರ ಆರನೇ ಕಾಲಿಗೆ ಹಾಕುವ ರೆಸಿಸ್ಟರ್ ಎಷ್ಟೆಂಬುದರ ಮೇಲೆ ತಡ ನಿಂತಿದೆ: ಸುಮಾರು 30 ಮಿಲಿಸೆಕೆಂಡಿನಿಂದ 340ರವರೆಗೆ. ತಡ ಹೆಚ್ಚಿದಂತೆ ಸದ್ದು ಕೊಳೆಯಾಗುತ್ತದೆ. ಆ ರೆಸಿಸ್ಟರನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ ವಿದ್ಯುತ್ ಕೊಟ್ಟರೆ ಐಸಿ ಒಳಗೊಳಗೇ ಬಿಗಿದುಕೊಂಡು ಕೂತುಬಿಡುತ್ತದೆ. ಆರಿಸಿ ಮತ್ತೆ ಹಾಕುವವರೆಗೆ ಮಿಸುಕುವುದಿಲ್ಲ. ಅದಕ್ಕೇ ಬಲ್ಲವರು ತಿರುಪಿನ ಜೊತೆಗೆ ಒಂದೆರಡು ಕಿಲೋ ಓಮಿನ ಖಾಯಂ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸುತ್ತಾರೆ. ಆದರೆ ಒಂದೇ ಐಸಿಯಿಂದ ಸಿಗುವುದು ಎಕೋ, ರಿವರ್ಬ್ ಅಲ್ಲ.

ಎರಡನೆಯದು ‘ಬ್ರಿಕ್’. ಸ್ಪ್ರಿಂಗ್ ಪೆಟ್ಟಿಗೆಗಳಿಗೆ ಹೆಸರಾದ ಅಕ್ಯುಟ್ರಾನಿಕ್ಸ್ ಈಗ ಕೊರಿಯಾದವರ ಕೈಯಲ್ಲಿದೆ. ಅವರು ಮಾಡುವ, ಬೆಲ್ಟನ್ ಹೆಸರಿನ ಬೆಂಕಿಪೊಟ್ಟಣದಂಥ ಈ ಮಾಡ್ಯೂಲಿನೊಳಗೆ ಮೂರು ಪಿಟಿ2399ಗಳು ಬೇರೆ ಬೇರೆ ತಡದಲ್ಲಿ ಕೂತು, ಒಂದಕ್ಕೊಂದು ಸದ್ದು ದಾಟಿಸಿಕೊಳ್ಳುತ್ತವೆ. ಮೂರು ಎಕೋಗಳು ಹೆಣೆದುಕೊಂಡಾಗ ಕಿವಿ ಎಣಿಕೆ ಬಿಟ್ಟು ಅದನ್ನು ಕೋಣೆ ಎಂದು ಒಪ್ಪಿಕೊಳ್ಳುತ್ತದೆ. ಮೊದಲ ಪೆಡಲ್ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ. ಬ್ರಿಕ್, ಒಂದು ಟಿಎಲ್072 ಐಸಿ, ಹತ್ತು ಹದಿನೈದು ರೆಸಿಸ್ಟರ್ ಕೆಪ್ಯಾಸಿಟರ್, ಒಂದು 5 ವೋಲ್ಟಿನ ರೆಗ್ಯುಲೇಟರ್, ಅಷ್ಟೇ ಸಂಸಾರ. ರೆಗ್ಯುಲೇಟರಿನಲ್ಲಿ ಜಿಪುಣತನ ಬೇಡ. ಬ್ರಿಕ್ ನೂರು ಮಿಲಿಆಂಪಿನವರೆಗೂ ಎಳೆಯಬಲ್ಲದು. 9 ವೋಲ್ಟಿನಿಂದ 5ಕ್ಕೆ ಇಳಿಸುವಾಗ 0.4 ವಾಟ್ ಬಿಸಿಯಾಗಿಯೇ ಹೋಗಬೇಕು. ಪುಟ್ಟ 78ಎಲ್05 ಅದನ್ನು ತಾಳದು, ಮೂರು ಕಾಲಿನ ದೊಡ್ಡ 7805 ತಾಳುತ್ತದೆ. ಚೌಕದ ಬ್ಯಾಟರಿ ಒಂದು ಸಂಜೆಗೇ ಮುಗಿಯುತ್ತದೆ, ಅಡಾಪ್ಟರೇ ಗತಿ. ಪೆಡಲ್ ಲೋಕದ ಪದ್ಧತಿ ಮಾತ್ರ ತಿರುಗುಮುರುಗು: ಪ್ಲಗ್ಗಿನ ನಡುವೆ ಮೈನಸ್. ಬೀದಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ಎರಡು ರೂಪಾಯಿಯ 1ಎನ್4007 ಡಯೋಡೊಂದನ್ನು ಕಾವಲಿಗೆ ಹಾಕಿದರೆ ಉಳಿದವು ಬದುಕುತ್ತವೆ. ಹೊಸ ಆಂಪ್‌, ಹೊಸ ಪೆಡಲ್ ಎರಡೂ ಇದ್ದೂ ತಂತಿ ಮುಟ್ಟಿದಾಗ ಗುಂಯ್ ಅನ್ನುವ ಸದ್ದು ಬದಲಾದರೆ, ಬೆಸುಗೆಯನ್ನು ಶಂಕಿಸುವ ಮುನ್ನ ಬಾಡಿಗೆ ಕೋಣೆಯ ಮೂರು ತೂತಿನ ಸಾಕೆಟ್ಟಿಗೆ ನಿಜಕ್ಕೂ ಅರ್ಥಿಂಗ್ ಇದೆಯೇ ನೋಡಿ.

ಮೂರನೆಯದು ಎಫ್‌ವಿ-1. ಅಲೆಸಿಸ್ ಕಂಪನಿ ಸ್ಥಾಪಿಸಿದ ಕೀತ್ ಬಾರ್ ತಮ್ಮ ಸ್ಪಿನ್ ಸೆಮಿಕಂಡಕ್ಟರಿನಲ್ಲಿ ರೂಪಿಸಿದ ಐಸಿ. ಎಂಟು ಕಾರ್ಯಕ್ರಮ ಒಳಗೇ ಇವೆ, ಇನ್ನೆಂಟನ್ನು ಹೊರಗಿನ ಮೆಮೊರಿಯಿಂದ ಓದಿಸಬಹುದು. ಇದರ ಗಡಿಯಾರ 32,768 ಹರ್ಟ್ಸಿನ ಹರಳು, ಕೈಗಡಿಯಾರಗಳಲ್ಲಿ ಇರುವಂಥದ್ದೇ. ನೆನಪಿನ ಸಾಮರ್ಥ್ಯವೂ ಅಷ್ಟೇ ಮಾದರಿಗಳದ್ದು, ಅಂದರೆ ಸರಿಯಾಗಿ ಒಂದು ಸೆಕೆಂಡು. ಆ ಒಂದು ಸೆಕೆಂಡನ್ನು ಸುತ್ತಿಸಿ ಸುತ್ತಿಸಿ ದೊಡ್ಡ ಸಭಾಂಗಣವನ್ನೇ ಎಬ್ಬಿಸುವ ಜಾಣ್ಮೆ ಬಾರ್ ಅವರದು. ಆದರೆ ಇದಕ್ಕೆ ಸೂಕ್ಷ್ಮ ಬೆಸುಗೆ ಬೇಕು. ಮೊದಲ ಪೆಡಲ್ಲಿಗೆ ಬೇಡ.

ಪೆಡಲ್ಲಿನ ಹಂಗೇ ಇಲ್ಲದೆ ನಿಜವಾದ ಕೋಣೆಯೇ ದಕ್ಕಿದ ತಂಡವೂ ಈ ಊರಿನಲ್ಲಿದೆ. 1990ರಲ್ಲಿ ಸುಸ್ಮಿತ್ ಸೇನ್, ಅಶೀಮ್ ಚಕ್ರವರ್ತಿ ಕಟ್ಟಿದ ‘ಇಂಡಿಯನ್ ಓಷನ್’ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಕರೋಲ್ ಬಾಗಿನ ಹಳೆಯ ಬಂಗಲೆಯೊಂದರಲ್ಲಿ. 2010ರ ಆಲ್ಬಮ್ಮಿಗೆ ಅವರು ಆ ವಿಳಾಸವನ್ನೇ ಹೆಸರಾಗಿಟ್ಟರು: ‘16/330 ಖಜೂರ್ ರೋಡ್’. ತಂಡದ ಬೇಸ್ ಗಿಟಾರಿನ ರಾಹುಲ್ ರಾಮ್ ನಮ್ಮ ಹೊಳೆನರಸೀಪುರದ ವಾಗ್ಗೇಯಕಾರ ಯೋಗಾನರಸಿಂಹಂ ಅವರ ಮೊಮ್ಮಗ, ಸಸ್ಯವಿಜ್ಞಾನಿ ಎಚ್.ವೈ. ಮೋಹನ್ ರಾಮ್ ಅವರ ಮಗ. ಅಂದಹಾಗೆ ಬೇಸ್ ಗಿಟಾರಿಗೆ ರಿವರ್ಬ್ ಹಾಕುವವರು ಕಡಿಮೆ, ಕೆಸರಿನ ಕಾರಣವೇ. ಪೆಡಲ್ ಕಟ್ಟುವಾಗ ಈ ಮಾತು ಕೆಲಸಕ್ಕೆ ಬರುತ್ತದೆ: ಬ್ರಿಕ್ಕಿಗೆ ಸದ್ದು ಹೋಗುವ ದಾರಿಯಲ್ಲಿ ಚಿಕ್ಕ ಬೆಲೆಯ ಕೆಪ್ಯಾಸಿಟರ್ ಹಾಕಿ ಕೆಳಸ್ವರಗಳನ್ನು ತಡೆದರೆ ಎಂಟಿಂಚಿನ ಸ್ಪೀಕರ್ ಕೂಡ ನಿರಾಳವಾಗುತ್ತದೆ.

ಹೋಗುವವರಿಗೆ: ಮೆಟ್ರೋದ ನೇರಳೆ ಮಾರ್ಗದಲ್ಲಿ ಲಾಲ್ ಕಿಲಾ ನಿಲ್ದಾಣ. ಭಾನುವಾರ ಮಾರುಕಟ್ಟೆಗೆ ರಜೆ, ಆದ್ದರಿಂದ ಆ ದಿನ ಹೊರಡಬೇಡಿ. ‘ಎಕೋ ಕಿಟ್’ ಎಂದು ಕೇಳಿದರೆ ಸಿದ್ಧ ಬೋರ್ಡೇ ಕೈಗೆ ಬರುತ್ತದೆ. ಕೆಲವರು ಅದನ್ನೇ ಪೆಡಲ್ಲಿಗೆ ಒಗ್ಗಿಸಿಕೊಳ್ಳುತ್ತಾರೆ. ಬಿಡಿ ಐಸಿ ಕೊಳ್ಳುವುದಾದರೆ ಎರಡು ಮೂರು ಕೊಳ್ಳಿ, ಜೊತೆಗೆ ಹದಿನಾರು ಕಾಲಿನ ಸಾಕೆಟ್ಟೂ ಇರಲಿ. ಪಿಟಿ2399ಕ್ಕೆ ಸಿಡಿ2399 ಎಂಬ ಚೀನೀ ಜೋಡಿಯಿದೆ, ಹೆಸರು ಉಜ್ಜಿ ಬದಲಿಸಿದ ನಕಲಿಗಳೂ ಇವೆ. ಸಾಕೆಟ್ ಇದ್ದರೆ ಬೆಸುಗೆ ಬಿಚ್ಚದೆ ಒಂದೊಂದನ್ನೇ ಕೂರಿಸಿ ನೋಡಬಹುದು, ಮತ್ತು ಅವು ಒಂದರಂತೆ ಇನ್ನೊಂದು ಕೇಳುವುದಿಲ್ಲ. ನಕಲಿಯದೇ ಇಷ್ಟವಾದರೆ ಅದನ್ನೇ ಇಟ್ಟುಕೊಳ್ಳಿ.