ತೋಟದ ಕೂಲಿಗಾರರ ನಿಶ್ಶಕ್ತಿಗೆ ಕಾರಣವೇನು?

ಮೂಡಿಗೆರೆ, ಕಳಸದ ಸೀಮೆಯ ಕಾಫಿ ತೋಟಗಳಲ್ಲಿ ಆಳು ಮಧ್ಯಾಹ್ನಕ್ಕೇ ಏದುಸಿರು ಬಿಟ್ಟು ಕುಳಿತರೆ, ಅವನನ್ನು ಮೈಗಳ್ಳನೆನ್ನುವ ವಾಡಿಕೆಯುಂಟು. ಅನೇಕ ವೇಳೆ ದೋಷವು ಅವನ ಮನಸ್ಸಿನದಲ್ಲ, ರಕ್ತದ್ದು. ರಕ್ತವನ್ನು ಕುಂದಿಸಿದುದು ಅವನ ವಾಸಸ್ಥಳವು.

ಕಾಫಿ ಗಿಡಕ್ಕೆ ಹಿತವಾದ ನೆರಳು, ತೇವ, ಸಡಿಲವಾದ ಮಣ್ಣು ಇವು ಕೊಕ್ಕೆಹುಳುವಿಗೂ ಹಿತವೇ. ಕಕ್ಕಸಿಲ್ಲದ ಲೈನುಮನೆಗಳವರು ಗಿಡಗಳ ಮರೆಗೆ ಹೋಗುತ್ತಾರೆ. ಮಲದೊಡನೆ ಬಿದ್ದ ಮೊಟ್ಟೆಗಳು ಒಡೆದು, ಹೊರಟ ಮರಿಗಳು 5ರಿಂದ 10 ದಿನಗಳಲ್ಲಿ ಬರಿಗಾಲಿನ ಚರ್ಮದ ಮೂಲಕ ಒಳಹೊಗಲು ಸಮರ್ಥವಾಗುತ್ತವೆ. ಕರುಳನ್ನು ಸೇರಿದ ಹುಳುವು ವರ್ಷಗಟ್ಟಲೆ ರಕ್ತವನ್ನು ಹೀರುವುದು. ಕಾಳು, ಸೊಪ್ಪು ಸಾಲದೆ ಉಣ್ಣುವವರೂ ಗರ್ಭಿಣಿಯರೂ ಈ ನಷ್ಟವನ್ನು ತುಂಬಿಕೊಳ್ಳಲಾರರು.

ಆಲ್ಬೆಂಡಜೋಲ್ ಗುಳಿಗೆಯಿಂದ ಹುಳು ಬೀಳುವುದು ನಿಜ. ಆದರೆ ಅದೇ ನೆಲವನ್ನು ಬರಿಗಾಲಿನಲ್ಲಿ ತುಳಿದರೆ ರೋಗವು ಮರಳಿ ಬರುವುದು.

1951ರ ತೋಟ ಕಾರ್ಮಿಕರ ಕಾಯಿದೆಯು ವಸತಿ, ಕುಡಿಯುವ ನೀರು, ಕಕ್ಕಸು, ವೈದ್ಯಸಹಾಯಗಳನ್ನು ಮಾಲೀಕರ ಹೊಣೆಯೆಂದು ವಿಧಿಸಿತು. ಆದರೆ ಅದು ಅನ್ವಯಿಸಿದುದು 25 ಎಕರೆ, 30 ಆಳುಗಳ ತೋಟಗಳಿಗೆ. 1981ರ ತಿದ್ದುಪಡಿಯಿಂದ 5 ಹೆಕ್ಟೇರು, 15 ಆಳುಗಳ ತೋಟಗಳಿಗೆ. ಸಣ್ಣ ಹಿಡುವಳಿಗಳು ಹೊರಗುಳಿದವು. ಹುಳುವಾದರೋ ಎಕರೆಗಳನ್ನು ಲೆಕ್ಕಿಸದು.

ಆದಕಾರಣ ತೋಟದ ಯಜಮಾನರೂ ಗ್ರಾಮದ ಮುಖಂಡರೂ ಕಾಫಿ ಕೊಯ್ಲಿಗೆ ಮೊದಲೇ ಈ ಏರ್ಪಾಡುಗಳನ್ನು ಮಾಡತಕ್ಕದ್ದು:

1. ಲೈನುಗಳ ಹತ್ತಿರ, ಬಾವಿ ಮತ್ತು ಒರತೆಗಳಿಗಿಂತ ಇಳಿಜಾರಿನ ಕೆಳಗೆ, ದೂರದಲ್ಲಿ ಗುಂಡಿ ಕಕ್ಕಸುಗಳನ್ನು ಕಟ್ಟಿಸುವುದು.

2. ಆಳುಗಳಿಗೆ ಪಾದ ಮುಚ್ಚುವ ಪಾದರಕ್ಷೆಗಳನ್ನು ಒದಗಿಸುವುದು.

3. ಅಸ್ಸಾಮಿನಿಂದಲೋ ಬಯಲುಸೀಮೆಯಿಂದಲೋ ಬಂದವರನ್ನೂ ಬಿಡದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸುವುದು.

ಗಿಡ ಹಳದಿಯಾದರೆ ನಾವು ಅದನ್ನು ಬಯ್ಯದೆ ಬೇರನ್ನೂ ಮಣ್ಣನ್ನೂ ಪರೀಕ್ಷಿಸುತ್ತೇವೆ. ದುಡಿಯುವ ಮನುಷ್ಯನ ವಿಷಯದಲ್ಲಿಯೂ ಅಷ್ಟು ವಿಚಾರವು ನ್ಯಾಯವಾದುದು.