ಅಸೆಂಬ್ಲರ್ ಕಟ್ಟಿ ನೋಡು

ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡುವಾಗ, ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸಿ ಪರದೆಗೆ ತರುವ ಕೆಲಸ ಒಂದೇ ಸಮನೆ ನಡೆಯುತ್ತಿರುತ್ತದೆ. ಒಂದೇ ಬಗೆಯ ಲೆಕ್ಕವನ್ನು ಸೆಕೆಂಡಿಗೆ ಲಕ್ಷಾಂತರ ಸಲ ಮಾಡಬೇಕು. ಅಂಥ ಕಡೆ ಸಿ ಭಾಷೆಯ ವೇಗವೂ ಸಾಲದೆ ಪ್ರೋಗ್ರಾಮರುಗಳು ಪ್ರೊಸೆಸರಿನ ಆದೇಶಗಳನ್ನೇ ಒಂದೊಂದಾಗಿ ಹೆಸರಿಸುವ ಅಸೆಂಬ್ಲಿ ಭಾಷೆಯಲ್ಲಿ ಕೈಯಾರೆ ಬರೆಯುತ್ತಾರೆ. ಎಫ್‌ಎಫ್‌ಎಂಪೆಗ್, ಎಕ್ಸ್264, ಎವಿ1 ವಿಡಿಯೊ ಬಿಡಿಸುವ ಡೇವಿಡ್ ಎಂಬ ತಂತ್ರಾಂಶ, ಈ ಮೂರರಲ್ಲೂ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಿಗೆಂದು ಬರೆದ ಅಸೆಂಬ್ಲಿಯನ್ನು ಬೈಟುಗಳಾಗಿ ಮಾಡಿಕೊಡುವುದು ನ್ಯಾಸಮ್. ವಿಂಡೋಸಿನಲ್ಲಿ ಓಪನ್‌ಎಸ್‌ಎಸ್‌ಎಲ್ ಬಿಲ್ಡ್ ಮಾಡುವವರೂ ಇದನ್ನೇ ಬಳಸುತ್ತಾರೆ.

ನ್ಯಾಸಮ್, ಅಂದರೆ ನೆಟ್‌ವೈಡ್ ಅಸೆಂಬ್ಲರ್, 1996ರಲ್ಲಿ ಸೈಮನ್ ಟ್ಯಾಥಮ್ ಮತ್ತು ಜೂಲಿಯನ್ ಹಾಲ್ ಎಂಬಿಬ್ಬರು ಶುರು ಮಾಡಿದ್ದು. ಆಗ ಇದ್ದ ಅಸೆಂಬ್ಲರುಗಳಲ್ಲಿ ಕೆಲವಕ್ಕೆ ದುಡ್ಡು ಕೊಡಬೇಕಿತ್ತು, ಕೆಲವು ಡಾಸ್ ಬಿಟ್ಟು ಬೇರೆಡೆ ಓಡುತ್ತಿರಲಿಲ್ಲ, ಇನ್ನು ಕೆಲವು ಮನುಷ್ಯರು ಬರೆಯಲೆಂದು ಮಾಡಿದವೇ ಅಲ್ಲ, ಕಂಪೈಲರ್ ಉಗುಳಿದ್ದನ್ನು ಓದಲು ಮಾಡಿದವು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಡಾಸ್‌ನ ಕಪ್ಪು ಪರದೆಯ ಮೇಲೆ ಮಾಸಮ್ ಎಂಬ ಅಸೆಂಬ್ಲರ್ ಓಡಿಸಿ 8086 ಪ್ರೊಸೆಸರ್ ಕಲಿತವರಿಗೆ ಆ ಕಾಲದ ರುಚಿ ಗೊತ್ತು. ನ್ಯಾಸಮ್ ಅನ್ನು ಎಲ್ಲ ಕಡೆ ಕಂಪೈಲ್ ಆಗುವಂಥ ಸಿ ಭಾಷೆಯಲ್ಲಿ ಬರೆದರು. ಲಿನಕ್ಸ್, ವಿಂಡೋಸ್, ಮ್ಯಾಕ್, ಡಾಸ್ ಎಲ್ಲಕ್ಕೂ ಬೇಕಾದ ರೂಪದಲ್ಲಿ ಅದು ಕಡತ ಬರೆದುಕೊಡುತ್ತದೆ. ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ.

ಅಸೆಂಬ್ಲರಿನ ಕೆಲಸ ಮೇಲ್ನೋಟಕ್ಕೆ ಸರಳ. ‘ನಾಪ್’ (ಏನೂ ಮಾಡಬೇಡ) ಎಂದು ಬರೆದರೆ 90 ಎಂಬ ಒಂದು ಬೈಟ್. (ಬೈಟುಗಳನ್ನು ಹದಿನಾರರ ಮೂಲದಲ್ಲಿ ಬರೆಯುವುದು ವಾಡಿಕೆ, 9 ಆದ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಬರುತ್ತವೆ.) ಆದರೆ ‘ಇಂಕ್ ಇಎಎಕ್ಸ್’ ಎಂಬ ಸಾಲನ್ನು ನೋಡಿ. ಇಎಎಕ್ಸ್ ಎಂಬ ರೆಜಿಸ್ಟರಿನಲ್ಲಿರುವ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಗೂಡಿನಲ್ಲಿರುವ, ಸಂಖ್ಯೆಗೆ ಒಂದು ಕೂಡಿಸು ಎಂದು ಇದರ ಅರ್ಥ. 32 ಬಿಟ್ ಕೋಡಿನಲ್ಲಿ ಇದು 40 ಎಂಬ ಒಂದೇ ಬೈಟ್. ಎಎಂಡಿಯವರು 64 ಬಿಟ್ ವಿನ್ಯಾಸ ಮಾಡುವಾಗ 40ರಿಂದ 4ಎಫ್‌ವರೆಗಿನ ಹದಿನಾರು ಬೈಟುಗಳನ್ನು ಬೇರೆ ಕೆಲಸಕ್ಕೆ ಎತ್ತಿಕೊಂಡರು. ಅವು ಮುಂದೆ ಬರುವ ಆದೇಶದ ಅರ್ಥವನ್ನು ಹಿಗ್ಗಿಸುವ ಮುನ್ನುಡಿಯಾದವು. ಹಾಗಾಗಿ 64 ಬಿಟ್ ಕೋಡಿನಲ್ಲಿ ಅದೇ ಸಾಲು ‘ಎಫ್‌ಎಫ್ ಸಿ0’ ಎಂಬ ಎರಡು ಬೈಟ್ ಆಗಬೇಕು. ಅಸೆಂಬ್ಲರ್ ಇಲ್ಲಿ ತಪ್ಪಿ 40 ಎಂದೇ ಬರೆದರೆ ಪ್ರೊಸೆಸರ್ ತಕರಾರು ಮಾಡುವುದಿಲ್ಲ. ಅದನ್ನು ಮುಂದಿನ ಆದೇಶಕ್ಕೆ ಸೇರಿದ್ದೆಂದು ಓದಿಕೊಂಡು ಸಾಗುತ್ತದೆ. ಕೂಡಬೇಕಾದ ಒಂದು ಕೂಡಲಿಲ್ಲ, ಎರರ್ ಕೂಡ ಬರಲಿಲ್ಲ. ಪ್ರೋಗ್ರಾಮು ಬರೆದವರು ತಮ್ಮ ಸಾಲುಗಳಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಕಳೆಯಬೇಕು. ಅಸೆಂಬ್ಲರಿನ ಬಗ್ ಇಷ್ಟು ಕೆಟ್ಟದ್ದು ಎನ್ನುವುದು ಇದಕ್ಕೇ.

ಜಿಗಿತದ ಆದೇಶಗಳು ಇನ್ನೂ ತೊಡಕಿನವು. ಗುರಿ ಹಿಂದಕ್ಕೆ 128, ಮುಂದಕ್ಕೆ 127 ಬೈಟುಗಳ ಒಳಗಿದ್ದರೆ ಎರಡು ಬೈಟಿನ ಜಿಗಿತ ಸಾಕು, ಆಚೆಗಿದ್ದರೆ ಐದೋ ಆರೋ ಬೇಕು. ಗುರಿ ಎಷ್ಟು ದೂರ ಎಂಬುದು ನಡುವೆ ಇರುವ ಆದೇಶಗಳ ಉದ್ದದ ಮೇಲೆ ನಿಂತಿದೆ; ಅವುಗಳಲ್ಲೂ ಜಿಗಿತಗಳಿದ್ದರೆ ಅವುಗಳ ಉದ್ದವೇ ಇನ್ನೂ ತೀರ್ಮಾನವಾಗಿರುವುದಿಲ್ಲ. ಅದಕ್ಕಾಗಿ ನ್ಯಾಸಮ್ ಇಡೀ ಕಡತವನ್ನು ಮತ್ತೆ ಮತ್ತೆ ಸುತ್ತು ಹಾಕಿ, ಯಾವ ಉದ್ದವೂ ಬದಲಾಗದೆ ನಿಂತ ಮೇಲಷ್ಟೇ ಬೈಟುಗಳನ್ನು ಬರೆಯುತ್ತದೆ.

ಸೋರ್ಸ್ ಬಿಚ್ಚಿದರೆ ನನಗೆ ಎಲ್ಲಕ್ಕಿಂತ ಚೆಂದ ಕಾಣುವುದು ಆದೇಶಗಳ ಪಟ್ಟಿಯಿರುವ ಒಂದು ಸಾದಾ ಪಠ್ಯ ಕಡತ. ಒಂದೊಂದು ಸಾಲಿಗೆ ಒಂದೊಂದು ಆದೇಶ: ಅದರ ಹೆಸರು, ಅದು ಏನೇನನ್ನು ಒಪ್ಪುತ್ತದೆ, ಯಾವ ಬೈಟುಗಳಾಗುತ್ತದೆ, ಯಾವ ಪ್ರೊಸೆಸರಿನಿಂದ ಈಚೆಗೆ ಲಭ್ಯ. ಇಂಟೆಲ್ ಪ್ರಕಟಿಸುವ ಸಾವಿರಾರು ಪುಟಗಳ ಕೈಪಿಡಿಯ ತಿರುಳು ಇಲ್ಲಿದೆ. ಪರ್ಲ್ ಸ್ಕ್ರಿಪ್ಟುಗಳು ಈ ಪಟ್ಟಿಯಿಂದ ಸಿ ಕೋಡನ್ನು ಹುಟ್ಟಿಸುತ್ತವೆ. ನ್ಯಾಸಮ್ ಜೊತೆಗೇ ಬರುವ, ಬೈಟುಗಳನ್ನು ಮತ್ತೆ ಅಸೆಂಬ್ಲಿಗೆ ತಿರುಗಿಸುವ ಎನ್‌ಡಿಸಾಸಮ್‌ಗೂ ಮೂಲ ಇದೇ ಪಟ್ಟಿ. ಪಟ್ಟಿಯ ಒಂದು ಸಾಲಿನಲ್ಲಿ ಒಂದಂಕಿ ತಪ್ಪಿದರೂ ಆ ಆದೇಶ ಬಳಸಿದವರಿಗೆಲ್ಲ ತಪ್ಪು ಬೈಟ್ ಹೋಗುತ್ತದೆ.

ನ್ಯಾಸಮ್ ಅನ್ನು ಸೋರ್ಸಿನಿಂದ ನಾವೇ ಬಿಲ್ಡ್ ಮಾಡುವುದು, ಅಂದರೆ ಕಟ್ಟುವುದು, ಕಷ್ಟವಲ್ಲ. ಬಿಡುಗಡೆಯಾದ ಆವೃತ್ತಿಯ ಟಾರ್ ಕಡತ ಇಳಿಸಿಕೊಂಡರೆ ಹುಟ್ಟಿಸಿದ ಸಿ ಕಡತಗಳು ಆಗಲೇ ಒಳಗಿರುತ್ತವೆ. ಸಿ ಕಂಪೈಲರ್ ಮತ್ತು ಮೇಕ್ ಇದ್ದರಾಯಿತು. ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಿಂದ ನೇರ ತೆಗೆದುಕೊಂಡರೆ ಪರ್ಲ್ ಮತ್ತು ಆಟೊಕಾನ್ಫ್ ಕೂಡ ಬೇಕು. ಮೊದಲು ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಬೇಕು. ಈ ಹೆಡರ್ ಇದೆಯೇ, ಆ ಫಂಕ್ಷನ್ ಇದೆಯೇ ಎಂದು ಅದು ಪುಟ್ಟ ಪುಟ್ಟ ಸಿ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿ ನೋಡುತ್ತದೆ. ಪರದೆಯ ಮೇಲೆ ಸಾಲುಸಾಲಾಗಿ ‘ಯೆಸ್’, ‘ನೋ’ ಓಡುತ್ತವೆ. ಆಮೇಲೆ ಮೇಕ್. ಕೆಲವೇ ನಿಮಿಷದ ಕೆಲಸ.

ನಡುವೆ ನಿಂತುಹೋದರೆ? ಆಗಲೇ ವಿಷಯ ಸ್ವಾರಸ್ಯವಾಗುವುದು. 2018ರಲ್ಲಿ ಜಿಸಿಸಿ ಕಂಪೈಲರಿನ 8ನೇ ಆವೃತ್ತಿ ಬಂದಾಗ, ಅದರಿಂದ ನ್ಯಾಸಮ್ 2.13 ಸರಣಿಯನ್ನು ಕಟ್ಟಲು ಹೋದವರ ಬಿಲ್ಡ್ ನಿಂತುಬಿಟ್ಟಿತು. ನ್ಯಾಸಮ್ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಎರರ್ ಬೊಟ್ಟು ಮಾಡಿದ್ದು ಒಂದು ಹೆಡರ್ ಕಡತದಲ್ಲಿದ್ದ ‘ಸೆಗ್ ಇನಿಟ್’ ಎಂಬ ಫಂಕ್ಷನ್ನಿನ ಘೋಷಣೆಯತ್ತ. ಆ ಫಂಕ್ಷನ್ ಯಾವ ಉತ್ತರವನ್ನೂ ಹಿಂದಿರುಗಿಸುವುದಿಲ್ಲ, ಆದರೂ ಅದಕ್ಕೆ ‘ಪ್ಯೂರ್’ ಎಂಬ ಗುರುತು ಹಚ್ಚಿದ್ದರು. ಪ್ಯೂರ್ ಎಂದರೆ, ಈ ಫಂಕ್ಷನ್ ಹೊರಗಿನ ಏನನ್ನೂ ಬದಲಿಸುವುದಿಲ್ಲ, ಇದು ಕೊಡುವ ಉತ್ತರವಷ್ಟೇ ಮುಖ್ಯ ಎಂದು ಕಂಪೈಲರಿಗೆ ಕೊಡುವ ಮಾತು. ಉತ್ತರವನ್ನೂ ಕೊಡದ, ಏನನ್ನೂ ಬದಲಿಸದ ಫಂಕ್ಷನ್ನನ್ನು ಕರೆಯುವುದಾದರೂ ಏಕೆ? ಕಂಪೈಲರ್ ಆ ಕರೆಯನ್ನೇ ತೆಗೆದುಹಾಕಬಹುದು, ಅದಕ್ಕೆ ಆ ಹಕ್ಕಿದೆ. ಹಳೆಯ ಜಿಸಿಸಿಗಳು ಇದನ್ನು ನೋಡಿಯೂ ಸುಮ್ಮನಿದ್ದವು. ಎಂಟನೆಯದು ವಾರ್ನಿಂಗ್ ಕೊಟ್ಟಿತು. ಅಂಥ ವಾರ್ನಿಂಗನ್ನು ಎರರ್ ಎಂದೇ ಎಣಿಸುವಂತೆ ನ್ಯಾಸಮ್‌ನ ಬಿಲ್ಡ್ ಹೊಂದಿಸಿದ್ದರಿಂದ ಕೆಲಸ ನಿಂತಿತು. ಆ ಗುರುತು ತೆಗೆದದ್ದೇ ಪರಿಹಾರ. ಕಂಪೈಲರಿನ ಬಾಯಿ ಮುಚ್ಚಿಸುವ ಆಯ್ಕೆ ಹಾಕಿ ದಾಟಿಬಿಡುವುದೂ ಸಾಧ್ಯವಿತ್ತು, ಆದರೆ ತಪ್ಪು ಅಲ್ಲೇ ಉಳಿಯುತ್ತಿತ್ತು. ಹೊಸ ಕಂಪೈಲರ್, ಅಪರೂಪದ ಯಂತ್ರ, ಬೇರೆ ಆಪರೇಟಿಂಗ್ ಸಿಸ್ಟಮ್, ಇವುಗಳ ಮೇಲೆ ಯಾರಾದರೂ ಕಟ್ಟಿ ನೋಡದೆ ಇಂಥವು ಹೊರಬೀಳುವುದಿಲ್ಲ.

ಯಂತ್ರ ಬದಲಾದರೆ ಏನೇನಾಗಬಹುದು ಎಂಬುದಕ್ಕೆ ಸಿ ಭಾಷೆಯ ‘ಲಾಂಗ್’ ಒಳ್ಳೆಯ ಉದಾಹರಣೆ. 64 ಬಿಟ್ ಲಿನಕ್ಸಿನಲ್ಲಿ ಲಾಂಗ್ ಎಂದರೆ 64 ಬಿಟ್, 64 ಬಿಟ್ ವಿಂಡೋಸಿನಲ್ಲಿ 32. ದೊಡ್ಡ ವಿಳಾಸವೊಂದನ್ನು ಲಾಂಗ್‌ನಲ್ಲಿ ಇಟ್ಟ ಕೋಡ್ ಲಿನಕ್ಸಿನಲ್ಲಿ ಸರಿಯಾಗಿ ಓಡಿ ವಿಂಡೋಸಿನಲ್ಲಿ ಅರ್ಧ ಕತ್ತರಿಸಿಹೋಗುತ್ತದೆ. ಐಬಿಎಂ ಮೇನ್‌ಫ್ರೇಮಿನಂಥ ಯಂತ್ರಗಳು ಸಂಖ್ಯೆಯ ದೊಡ್ಡ ತುದಿಯ ಬೈಟನ್ನು ಮೊದಲು ಇಡುತ್ತವೆ. ಇಂಟೆಲ್ ಚಿಕ್ಕ ತುದಿಯನ್ನು. ಮೇನ್‌ಫ್ರೇಮಿನಲ್ಲಿ ಓಡುವ ನ್ಯಾಸಮ್ ಕೂಡ ಇಂಟೆಲ್ ಕ್ರಮದಲ್ಲೇ ಬರೆಯಬೇಕು. ಯಂತ್ರ ಬದಲಾದರೂ ಬೈಟುಗಳು ಅವೇ ಇರುತ್ತವೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು: ಲ್ಯಾಪ್‌ಟಾಪಿನಲ್ಲೂ ರಾಸ್‌ಬೆರಿ ಪೈನಲ್ಲೂ ಒಂದೇ ಆವೃತ್ತಿಯ ನ್ಯಾಸಮ್ ಕಟ್ಟಿ, ಒಂದೇ ಅಸೆಂಬ್ಲಿ ಕಡತವನ್ನು ಎರಡಕ್ಕೂ ಕೊಟ್ಟು, ಬರಿಯ ಬೈಟುಗಳ ‘ಬಿನ್’ ರೂಪದಲ್ಲಿ ಬರೆಸಿ ಹೋಲಿಸಿ. ಒಂದು ಬೈಟ್ ಬೇರೆಯಾದರೂ ಅದು ವರದಿ ಮಾಡಬೇಕಾದ ಬಗ್.

ವರದಿ ಮಾಡುವುದಕ್ಕೂ ಒಂದು ಶಿಸ್ತಿದೆ. ಮೊದಲು ಓಡುತ್ತಿರುವುದು ನೀವು ಕಟ್ಟಿದ ನ್ಯಾಸಮ್ಮೇ ಎಂದು ಖಚಿತ ಮಾಡಿಕೊಳ್ಳಬೇಕು. ಆವೃತ್ತಿ ಕೇಳಿದರೆ ಅದು ಸಂಖ್ಯೆಯ ಜೊತೆ ಕಂಪೈಲ್ ಆದ ದಿನಾಂಕವನ್ನೂ ಹೇಳುತ್ತದೆ. ಆ್ಯಪಲ್‌ನ ಎಕ್ಸ್‌ಕೋಡ್ ಜೊತೆ ಬಹಳ ಕಾಲ 0.98.40 ಎಂಬ ಹಳೆಯ ನ್ಯಾಸಮ್ ಬರುತ್ತಿತ್ತು; ಅದಕ್ಕೆ 64 ಬಿಟ್ ಗೊತ್ತೇ ಇರಲಿಲ್ಲ. ಹೊಸದನ್ನು ಕಟ್ಟಿಯೂ ಹಳೆಯದನ್ನೇ ಓಡಿಸುವ ಫಜೀತಿ ಸುಲಭವಾಗಿ ಆಗುತ್ತದೆ.

ಎರಡನೆಯದು, ಬೇರೆ ಅಸೆಂಬ್ಲರ್ ಬೇರೆ ಬೈಟ್ ಕೊಟ್ಟಿತು ಎಂದ ಮಾತ್ರಕ್ಕೆ ಅದು ಬಗ್ ಅಲ್ಲ. ಇಎಎಕ್ಸ್ ಅನ್ನು ಸೊನ್ನೆ ಮಾಡುವ ಜನಪ್ರಿಯ ಆದೇಶವಾದ ‘ಎಕ್ಸಾರ್ ಇಎಎಕ್ಸ್, ಇಎಎಕ್ಸ್’ ಅನ್ನು 31 ಸಿ0 ಎಂದೂ ಬರೆಯಬಹುದು, 33 ಸಿ0 ಎಂದೂ ಬರೆಯಬಹುದು. ಪ್ರೊಸೆಸರಿಗೆ ಎರಡೂ ಒಂದೇ. ತೀರ್ಪು ಹೇಳಬೇಕಾದ್ದು ಇಂಟೆಲ್ ಅಥವಾ ಎಎಂಡಿ ಕೈಪಿಡಿ. ನ್ಯಾಸಮ್ ಬರೆದ ಬೈಟುಗಳನ್ನು ಎನ್‌ಡಿಸಾಸಮ್‌ಗೇ ಕೊಟ್ಟು ಸರಿಯಿದೆ ಎಂದುಕೊಳ್ಳುವುದು ಇನ್ನೊಂದು ಮೋಸ. ಎರಡೂ ಒಂದೇ ಪಟ್ಟಿಯಿಂದ ಹುಟ್ಟಿದವು, ಪಟ್ಟಿ ತಪ್ಪಿದ್ದರೆ ಎರಡೂ ಒಂದೇ ಸುಳ್ಳು ಹೇಳುತ್ತವೆ. ಸಂಬಂಧವಿಲ್ಲದ ಸಾಕ್ಷಿ ಬೇಕು. ಗ್ನೂ ಬಿನ್‌ಯುಟಿಲ್ಸ್‌ನ ಆಬ್ಜ್‌ಡಂಪ್ ಅಂಥದ್ದು.

ಬಗ್ ನಿಜವೆಂದು ಕಂಡರೆ ಕಡತವನ್ನು ಕತ್ತರಿಸುತ್ತಾ ಬನ್ನಿ. ಎರಡು ಸಾವಿರ ಸಾಲುಗಳಲ್ಲಿ ಅರ್ಧ ತೆಗೆದು ನೋಡಿ, ತಪ್ಪು ಇನ್ನೂ ಇದ್ದರೆ ಮತ್ತೆ ಅರ್ಧ ತೆಗೆಯಿರಿ. ಕೊನೆಗೆ ಮೂರೋ ನಾಲ್ಕೋ ಸಾಲು ಉಳಿಯುತ್ತವೆ. ವರದಿಯಲ್ಲಿ ಆ ಸಾಲುಗಳ ಜೊತೆ ಇವೂ ಇರಲಿ: ಕೊಟ್ಟ ಕಮಾಂಡ್ ಇದ್ದಹಾಗೇ, ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಕಂಪೈಲರಿನ ಹೆಸರು, ಬಂದ ಬೈಟುಗಳು, ಬರಬೇಕಿದ್ದ ಬೈಟುಗಳು. ಹಳೆಯ ಆವೃತ್ತಿಯಲ್ಲಿ ಸರಿಯಿದ್ದು ಈಗ ಕೆಟ್ಟಿದ್ದರೆ ಗಿಟ್‌ನ ಬೈಸೆಕ್ಟ್ ನೆರವಿಗೆ ಬರುತ್ತದೆ. ಅದೂ ಇದೇ ಅರ್ಧಿಸುವ ಲೆಕ್ಕ: ನಡುವೆ ಸಾವಿರ ಬದಲಾವಣೆಗಳಾಗಿದ್ದರೂ ಸುಮಾರು ಹತ್ತು ಸಲ ಬಿಲ್ಡ್ ಮಾಡಿ ನೋಡಿದರೆ ಕೆಡಿಸಿದ ಬದಲಾವಣೆ ಯಾವುದೆಂದು ಸಿಕ್ಕಿಬಿಡುತ್ತದೆ. ಸೋರ್ಸಿನಿಂದ ಕಟ್ಟಲು ಕಲಿತವರಿಗಷ್ಟೇ ಈ ದಾರಿ ತೆರೆದಿರುವುದು.

ನ್ಯಾಸಮ್ ಶುರು ಮಾಡಿದ ಸೈಮನ್ ಟ್ಯಾಥಮ್ ಅವರೇ (ಪುಟ್ಟಿ ಎಂಬ ಪ್ರಸಿದ್ಧ ತಂತ್ರಾಂಶವೂ ಅವರದೇ) 1999ರಲ್ಲಿ ಬಗ್ ವರದಿ ಮಾಡುವುದು ಹೇಗೆ ಎಂದು ಒಂದು ಪ್ರಬಂಧ ಬರೆದರು. ಜಗತ್ತಿನ ಹಲವು ಭಾಷೆಗಳಿಗೆ ಅದು ಹೋಗಿದೆ. ತಪ್ಪು ಕಣ್ಣೆದುರಿಗೆ ಆಗುವಂತೆ ಪ್ರೋಗ್ರಾಮರಿಗೆ ತೋರಿಸಿ. ಕಂಡದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂದು ಬೇರೆ ಬೇರೆ ಹೇಳಿ ಎನ್ನುವುದು ಅದರ ಸಾರ. ಅಸೆಂಬ್ಲರಿನ ವಿಷಯದಲ್ಲಿ ಇದು ಇನ್ನಷ್ಟು ಸುಲಭ ಎಂದು ನನ್ನ ಅಭಿಪ್ರಾಯ. ಇಲ್ಲಿ ಸರಿ ತಪ್ಪುಗಳು ಅಭಿರುಚಿಯ ಪ್ರಶ್ನೆಯಲ್ಲ, ಕೈಪಿಡಿಯ ಪುಟ ತೆರೆದು ಬೈಟ್ ಎಣಿಸಿ ತೋರಿಸಬಹುದು. ಅದಕ್ಕೆ ದೊಡ್ಡ ಕಂಪನಿಯ ಕೆಲಸವಾಗಲಿ ವಿದೇಶದ ಪದವಿಯಾಗಲಿ ಬೇಕಿಲ್ಲ.

ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಮೈಕ್ರೊಪ್ರೊಸೆಸರ್ ಲ್ಯಾಬಿನ ಒಂದು ತರಗತಿಯನ್ನು ಇದಕ್ಕೆ ಕೊಡಲಿ. ಸೋರ್ಸ್ ಇಳಿಸಿಕೊಂಡು, ಕಟ್ಟಿ, ಜೊತೆಗೆ ಬರುವ ಪರೀಕ್ಷೆಗಳನ್ನು ಓಡಿಸಿ, ಆದೇಶಗಳ ಪಟ್ಟಿಯ ಹತ್ತು ಸಾಲುಗಳನ್ನು ಕೈಪಿಡಿಯ ಜೊತೆ ಹೋಲಿಸಲು ವಿದ್ಯಾರ್ಥಿಗಳಿಗೆ ಹೇಳಲಿ. ತಪ್ಪು ಸಿಕ್ಕಿದರೆ ಆ ನಾಲ್ಕು ಸಾಲಿನ ಕಡತವನ್ನು ಅವರೇ ನ್ಯಾಸಮ್ ನೋಡಿಕೊಳ್ಳುವವರಿಗೆ ಕಳುಹಿಸಲಿ.