ಚಿಕ್ಕಪೇಟೆಯ ಕೆಳಗೆ ರೈಲು ಹಾದದ್ದು ಹೇಗೆ?

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗರಿಗೆ ಬೆಂಗಳೂರಿನ ದಾರಿ ಗೊತ್ತು: ಆಳಂದ ರಸ್ತೆಯ ಬಸ್ಸು, ಕಲಬುರಗಿ ಸ್ಟೇಷನ್, ರಾತ್ರಿ ರೈಲು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಹಸಿರು ಮೆಟ್ರೋ ಹತ್ತಿ ದಕ್ಷಿಣಕ್ಕೆ ಹೊರಟರೆ ಮೊದಲ ನಿಲ್ದಾಣವೇ ಚಿಕ್ಕಪೇಟೆ.

ಮೇಲೆ ಸೀರೆ ಅಂಗಡಿ, ಕೈಗಾಡಿ, ಗೋಡೆಗೆ ಗೋಡೆ ತಾಗಿಸಿಕೊಂಡ ಹಳೇ ಕಟ್ಟಡಗಳು. ಇಂಥ ಪೇಟೆಯಲ್ಲಿ ಕಂಬ ನಿಲ್ಲಿಸಲು ಜಾಗವೆಲ್ಲಿ? ಹಾಗಾಗಿ ಮೆಟ್ರೋದ ಮೊದಲ ಹಂತದ 42.3 ಕಿ.ಮೀ.ನಲ್ಲಿ ಸುಮಾರು 8.8 ಕಿ.ಮೀ. ದಾರಿ ನೆಲದಡಿಗೆ ಇಳಿಯಿತು.

ಸುರಂಗ ಕೊರೆಯುವ ಯಂತ್ರಕ್ಕೆ ಬರೀ ಬಂಡೆಯಾದರೆ ಸಲೀಸು, ಬರೀ ಮಣ್ಣಾದರೂ ಸಲೀಸು. ಬೆಂಗಳೂರಿನಲ್ಲಿ ಎರಡೂ ಬೆರೆತಿವೆ. ಕೊರೆಯುವ ಚಕ್ರದ ಅರ್ಧ ಗಟ್ಟಿ ಬಂಡೆಗೆ ಉಜ್ಜುತ್ತಿರುವಾಗ ಇನ್ನರ್ಧ ಮೆತ್ತನೆ ಮಣ್ಣನ್ನು ಎಳೆದುಕೊಳ್ಳುತ್ತದೆ. ಮಣ್ಣು ಜಾಸ್ತಿ ಬಂತೋ, ಮೇಲಿನ ನೆಲ ಕುಸಿಯುತ್ತದೆ. ಅದಕ್ಕೇ ಯಂತ್ರ ಬರುವ ಮೊದಲೇ ಗೋಡೆಗಳ ಬಿರುಕು ಅಳೆದು, ಪುಟ್ಟ ಗಾಜಿನ ಗುರುತು ಅಂಟಿಸುತ್ತಾರೆ. ಗೋಡೆ ಕೆಲವೇ ಮಿಲಿಮೀಟರ್ ಸರಿದರೂ ಗೊತ್ತಾಗಿಬಿಡುತ್ತದೆ.

ಆದರೆ ನಿಲ್ದಾಣವನ್ನು ಮೇಲಿನಿಂದಲೇ ಅಗೆಯಬೇಕು. ಅಲ್ಲಿ ಅಂಗಡಿಗಳೇ ಹೋದವು. ಪರಿಹಾರದ ಚೆಕ್ಕು ಹಳೇ ಗಿರಾಕಿಗಳನ್ನು ಮರಳಿ ಕೊಡುವುದಿಲ್ಲ. ಈ ನಷ್ಟವನ್ನು ಯೋಜನೆಯ ಮೊದಲ ಪುಟದಲ್ಲೇ ಲೆಕ್ಕ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪಕ್ಕದ ಮಾರ್ಕೆಟ್ ನಿಲ್ದಾಣಕ್ಕೆ ಅಗೆಯುವಾಗ, 2012ರಲ್ಲಿ, ಟಿಪ್ಪು ಕಾಲದ್ದೆನ್ನಲಾದ ಕಬ್ಬಿಣದ ಫಿರಂಗಿಗಳು ಮಣ್ಣಿನಿಂದ ಎದ್ದು ಬಂದವು. ಅದೇ ನೆಲದಡಿಯಲ್ಲಿ ಜನ ರೈಲು ಹತ್ತಿದ್ದು 2017ರ ಜೂನ್‌ನಲ್ಲಿ.